ದೊಡ್ಡವರ ಈಟಿಂಗ್ ಡಿಸಾರ್ಡರ್‌ಗೆ ಸಿಬಿಟಿ: ಮೊದಲ ನಾಲ್ಕು ವಾರ ಎಂತ ಮಾಡಬೇಕು, ಎಲ್ಲಿ ತಪ್ಪುತ್ತದೆ

(ಮಾತಾಡುವವರು: ಥೆರಪಿಸ್ಟ್ ಮಧುವಾಹಿನಿ, ವೈದ್ಯವೃತ್ತಿಯ ಶಿರಿಯ, ಡಯಟಿಶಿಯನ್ ಪಯಸ್ವಿನಿ, ಟೀಚರ್ ಕಣಿಪುರ, ನರ್ಸ್ ಚಂದ್ರಗಿರಿ.)

ಮಧುವಾಹಿನಿ:
ಊಟ ಬಿಡುವುದು, ಮಿತಿಮೀರಿ ತಿಂದು ವಾಂತಿ ಮಾಡುವುದು, ಬೇಧಿಯ ಮಾತ್ರೆ ನುಂಗುವುದು, ತೂಕದ್ದೇ ಚಿಂತೆಯಲ್ಲಿ ದಿನ ಕಳೆಯುವುದು. ಇಂಥ ತೊಂದರೆಯ ದೊಡ್ಡವರ ಜೊತೆ ಕನ್ನಡದಲ್ಲಿ ಕೆಲಸ ಮಾಡುವವರು ಕಾಸರಗೋಡು, ಮಂಜೇಶ್ವರದ ಕಡೆ ತೀರಾ ಕಡಿಮೆ. ಸಿಬಿಟಿ (ಯೋಚನೆ, ನಡವಳಿಕೆ ಎರಡನ್ನೂ ಬದಲಿಸುವ ಮಾತಿನ ಚಿಕಿತ್ಸೆ) ಕಲಿತವರಿಗೂ ತಕ್ಷಣ ನೆನಪಾಗುವುದು ಖಿನ್ನತೆಗೆ ಮಾಡುವ ಸಿಬಿಟಿ: ಯೋಚನೆ ಬರೆಸು, ಅದಕ್ಕೆ ಆಧಾರ ಕೇಳು, ಬದಲಿ ಯೋಚನೆ ಬರೆಸು. ಇಲ್ಲಿ ಆ ದಾರಿ ಹಿಡಿದರೆ ಎರಡು ತಿಂಗಳು ಮಾತಿನಲ್ಲೇ ಕಳೆಯುತ್ತದೆ, ತಿನ್ನುವ ಕ್ರಮ ಇದ್ದಲ್ಲೇ ಇರುತ್ತದೆ. ಹಸಿದ ಮೆದುಳಿಗೆ ವಾದ ಹಿಡಿಸುವುದಿಲ್ಲ. ಮೊದಲು ಊಟದ ಹೊತ್ತು ಸರಿಯಾಗಬೇಕು, ಯೋಚನೆಯ ಕೆಲಸ ಆಮೇಲೆ.

ನಾನು ಹೇಳುತ್ತಿರುವುದು ಈಟಿಂಗ್ ಡಿಸಾರ್ಡರ್‌ಗೆಂದೇ ರೂಪಿಸಿದ ಸಿಬಿಟಿ-ಇ ಎಂಬ ವಿಧಾನದ ಬಗ್ಗೆ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ಇದನ್ನು 1980ರ ದಶಕದ ಆರಂಭದಲ್ಲಿ ಬುಲಿಮಿಯಾಕ್ಕೆಂದು (ಮಿತಿಮೀರಿ ತಿಂದು ವಾಂತಿ, ಬೇಧಿ ಮಾಡಿಕೊಳ್ಳುವ ಕಾಯಿಲೆ) ಶುರುಮಾಡಿದರು. 2003ರಲ್ಲಿ ಝಾಫ್ರಾ ಕೂಪರ್, ರಾಝ್ ಶಾಫ್ರನ್ ಜೊತೆ ಸೇರಿ, ಅನೊರೆಕ್ಸಿಯಾ (ತಿನ್ನದೆ ತೂಕ ತೀರಾ ಇಳಿಸಿಕೊಳ್ಳುವುದು), ಬುಲಿಮಿಯಾ, ಬಿಂಜ್ ಈಟಿಂಗ್ (ಹಿಡಿತ ತಪ್ಪಿ ಮಿತಿಮೀರಿ ತಿನ್ನುವುದು) ಎಲ್ಲದರ ಬೇರೂ ಬಹುತೇಕ ಒಂದೇ ಎಂದು ವಾದಿಸಿ ವಿಸ್ತರಿಸಿದರು. ಆ ಬೇರು ಯಾವುದೆಂದರೆ, ಮನುಷ್ಯ ತನ್ನ ಬೆಲೆಯನ್ನು ಮೈಯ ಆಕಾರ, ತೂಕ ಮತ್ತು ಅವುಗಳ ಮೇಲಿನ ಹಿಡಿತದಿಂದಲೇ ಅಳೆಯುವುದು. ಅದರಿಂದ ಕಠಿಣ ಪಥ್ಯ. ಪಥ್ಯ ಮುರಿದಾಗ ಬಿಂಜ್. ಬಿಂಜ್ ಆದದ್ದಕ್ಕೆ ವಾಂತಿ, ಬೇಧಿ. ಅದರ ನಾಚಿಕೆಗೆ ಇನ್ನಷ್ಟು ಪಥ್ಯ. ಮೊದಲ ಭೇಟಿಯಲ್ಲೇ ಈ ಸುತ್ತನ್ನು ರೋಗಿಯ ಎದುರು, ಅವರದ್ದೇ ಮಾತಿನಲ್ಲಿ, ಒಂದು ಹಾಳೆಯ ಮೇಲೆ ಬಾಣದ ಗುರುತು ಹಾಕಿ ಬರೆಯಬೇಕು. ಹಾಳೆ ಅವರ ಕೈಗೆ, ನಕಲು ನಮ್ಮ ಫೈಲಿಗೆ.

ಲೆಕ್ಕ ಹೀಗೆ: ತೂಕ ತೀರಾ ಕಡಿಮೆ ಇಲ್ಲದವರಿಗೆ 20 ವಾರದಲ್ಲಿ, ಶುರುವಿನ ಭೇಟಿ ಬಿಟ್ಟು, 20 ಭೇಟಿ. ಮೊದಲ 4 ವಾರ ವಾರಕ್ಕೆ ಎರಡರಂತೆ. ಆಮೇಲೆ ಎರಡು ವಾರ ನಿಂತು ನೋಡುವ ಹಂತ, ಅದಾಗಿ ಎಂಟು ವಾರ ವಾರಕ್ಕೊಂದು, ಕೊನೆಗೆ ಎರಡು ವಾರಕ್ಕೊಂದರಂತೆ ಮೂರು. ಶುರುವಿನದ್ದು ಒಂದೂವರೆ ಗಂಟೆ, ಉಳಿದವು 50 ನಿಮಿಷ. ತೂಕ ಕಡಿಮೆ ಇರುವವರಿಗೆ 40 ವಾರದಷ್ಟು ಬೇಕು. ಮೊದಲ ನಾಲ್ಕು ವಾರದಲ್ಲಿ ಆಗುವ ಬದಲಾವಣೆ ನೋಡಿದರೆ ಕೊನೆಗೆ ಎಂತ ಆಗುತ್ತದೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಹಾಗಾಗಿ ಆ ವಾರಕ್ಕೆರಡು ಭೇಟಿಯನ್ನು ಬಿಟ್ಟುಕೊಡಬೇಡಿ.

ಶಿರಿಯ:
ಇದಕ್ಕೂ ಮೊದಲು ವೈದ್ಯರ ಕೆಲಸ ಉಂಟು. ತೂಕ ಇಳಿದವರೆಲ್ಲ ಅನೊರೆಕ್ಸಿಯಾ ಅಲ್ಲ. ಕಫ ಪರೀಕ್ಷೆ, ಎಕ್ಸ್‌ರೇ, ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್ ಮಾಡಿಸಿ. ಟಿಬಿಯನ್ನು ಮನಸ್ಸಿನ ಕಾಯಿಲೆ ಎಂದು ತಿಂಗಳುಗಟ್ಟಲೆ ಕೂರಿಸಿಕೊಂಡರೆ ದೊಡ್ಡ ಅನ್ಯಾಯ.

ಎರಡನೆಯದು, ವಾಂತಿ ಮಾಡುವವರು, ಬೇಧಿ ಮಾತ್ರೆ ಅಥವಾ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು ಎಷ್ಟೇ ದಪ್ಪ ಇರಲಿ, ಪೊಟ್ಯಾಸಿಯಂ ನೋಡಲೇಬೇಕು, ಇಸಿಜಿ ತೆಗೆಯಲೇಬೇಕು. ನೋಡಲು ಗಟ್ಟಿಮುಟ್ಟಾಗಿ ಇರುವವರ ಪೊಟ್ಯಾಸಿಯಂ ಕೂಡ ಅಪಾಯಕ್ಕೆ ಇಳಿದಿರಬಹುದು, ಹೃದಯದ ಬಡಿತ ತಪ್ಪುವುದು ಅದರಿಂದಲೇ. ಪೊಟ್ಯಾಸಿಯಂ 3ಕ್ಕಿಂತ (mmol/L) ಕೆಳಗೆ ಬಂದರೆ ಮಾತುಕತೆ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಕಳಿಸಿ. ನಾಡಿ ನಿಮಿಷಕ್ಕೆ 40ಕ್ಕಿಂತ ಕಡಿಮೆ, ನಿಂತಾಗ ತಲೆ ತಿರುಗಿ ಬೀಳುವುದು, ಕುಕ್ಕರುಗಾಲಲ್ಲಿ ಕೂತು ಕೈ ಊರದೆ ಏಳಲಿಕ್ಕೆ ಆಗದಿರುವುದು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 13ರ ಕೆಳಗೆ: ಇದರಲ್ಲಿ ಒಂದು ಇದ್ದರೂ ದಾಖಲು ಮಾಡಬೇಕು. ಕುಕ್ಕರುಗಾಲಿನ ಪರೀಕ್ಷೆಗೆ ಯಂತ್ರ ಬೇಡ, ಆಶಾ ಕಾರ್ಯಕರ್ತೆಯೂ ಮಾಡಬಹುದು. 13ಕ್ಕೂ 15ಕ್ಕೂ ನಡುವೆ ಇರುವವರಿಗೂ ಬರೀ ವಾರಕ್ಕೊಮ್ಮೆ ಬಂದು ಹೋಗುವ ಚಿಕಿತ್ಸೆ ಸಾಲದು. ದಿನವಿಡೀ ನೋಡಿಕೊಳ್ಳುವ ವ್ಯವಸ್ಥೆ ಬೇಕು.

ಮೂರನೆಯದು, ಬಹಳ ದಿನ ಸರಿಯಾಗಿ ತಿನ್ನದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸಬಾರದು. ಮೈ ಪುನಃ ಸಕ್ಕರೆ ಬಳಸಲು ಶುರುಮಾಡಿದಾಗ ರಕ್ತದ ಫಾಸ್ಫೇಟ್ ಜೀವಕೋಶದ ಒಳಗೆ ಹೋಗಿ ರಕ್ತದಲ್ಲಿ ಕುಸಿಯುತ್ತದೆ. ಉಸಿರಾಟ, ಹೃದಯ ಎರಡೂ ಸೋಲಬಹುದು. ಮೊದಲೇ ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಆಹಾರವನ್ನು ಹಂತಹಂತವಾಗಿ ಏರಿಸುತ್ತಾ, ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿನಾ ನೋಡಬೇಕು. ಇದು ಆಸ್ಪತ್ರೆಯ ಕೆಲಸ. ಮನೆಯಲ್ಲಿ “ತಿನ್ನು ತಿನ್ನು” ಎಂದು ಒತ್ತಾಯಿಸಿ ಮಾಡುವಂಥದ್ದಲ್ಲ.

ಕಣಿಪುರ:
ಮೇಡಂ, ಈ ಚಿಕಿತ್ಸೆಯಲ್ಲಿ ತಿಂದದ್ದನ್ನು ಬರೆದಿಡುವ ಡೈರಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ. ಕಾಲೇಜಿನ ಮಕ್ಕಳು, ಕೆಲಸಕ್ಕೆ ಹೋಗುವ ಹೆಂಗಸರು ರಾತ್ರಿ ಮಲಗುವಾಗ ಒಟ್ಟಿಗೆ ಬರೆದು ತರ್ತಾರೆ. ಮನೆಯಲ್ಲಿ ಯಾರಾದ್ರೂ ಓದ್ತಾರೆ ಎಂಬ ಹೆದರಿಕೆ ಬೇರೆ. ಮಲಯಾಳದ ಸೈಕಾಲಜಿಸ್ಟ್ ಹತ್ರ ಹೋಗುವವರು ಯಾವ ಭಾಷೆಯಲ್ಲಿ ಬರೀಬೇಕು?

ಮಧುವಾಹಿನಿ:
ಟೀಚರ್, ರಾತ್ರಿ ಒಟ್ಟಿಗೆ ಬರೆದ ಡೈರಿಯಿಂದ ಅರ್ಧ ಪ್ರಯೋಜನವೂ ಇಲ್ಲ. ಮಧ್ಯಾಹ್ನ ಎರಡು ಗಂಟೆಗೆ ಮನಸ್ಸಲ್ಲಿ ಎಂತ ಓಡುತ್ತಿತ್ತೆಂದು ರಾತ್ರಿ ಹತ್ತಕ್ಕೆ ನೆನಪಿರುವುದಿಲ್ಲ. ನೆನಪಿರುವುದು “ಇವತ್ತೂ ಕೆಟ್ಟೆ” ಎಂಬ ತೀರ್ಪು ಮಾತ್ರ. ತಿನ್ನುವ ಹೊತ್ತಿಗೇ, ಹೆಚ್ಚೆಂದರೆ ತಿಂದ ಕೂಡಲೇ, ಬರೆಯಬೇಕು. ಬರೆಯಲು ನಿಲ್ಲುವ ಆ ಅರ್ಧ ನಿಮಿಷವೇ ಚಿಕಿತ್ಸೆಯ ಒಂದು ಭಾಗ, ಕೈ ತಾನಾಗಿ ಹೋಗುವುದನ್ನು ಅದು ತಡೆಯುತ್ತದೆ.

ಹಾಳೆಗೆ ಆರು ಕಾಲಂ: ಹೊತ್ತು, ತಿಂದದ್ದು ಕುಡಿದದ್ದು, ಜಾಗ, ಮಿತಿಮೀರಿತು ಎಂದು ಅವರಿಗೆ ಅನಿಸಿದರೆ ನಕ್ಷತ್ರದ ಗುರುತು, ವಾಂತಿ ಅಥವಾ ಬೇಧಿ ಮಾತ್ರೆಗೆ ಒಂದೊಂದು ಅಕ್ಷರ, ಕೊನೆಗೆ ಅಗಲದ ಕಾಲಂ ಒಂದು, ಆಗ ಎಂತ ನಡೆಯುತ್ತಿತ್ತು, ಎಂತ ಅನಿಸಿತು ಎಂದು ಬರೆಯಲಿಕ್ಕೆ. ಕ್ಯಾಲೊರಿ ಬರೆಯಿಸಲೇಬಾರದು. “ಎರಡು ನೀರುದೋಸೆ, ಚಟ್ನಿ, ಚಾ” ಅಷ್ಟೇ ಸಾಕು. ಗ್ರಾಂ ಲೆಕ್ಕ ಬೇಡ. ದಿನಕ್ಕೊಂದು ಹೊಸ ಹಾಳೆ.

ಭಾಷೆ ಯಾವುದಾದರೂ ಆಗಲಿ, ಯಾವುದರಲ್ಲಿ ಮನಸ್ಸಿನ ಮಾತು ಬೇಗ ಬರುತ್ತದೋ ಅದರಲ್ಲಿ ಬರೆಯಲಿ. ತುಳು, ಹವ್ಯಕ, ಬ್ಯಾರಿ ಮಾತನಾಡುವವರು ಅದನ್ನೇ ಕನ್ನಡ ಲಿಪಿಯಲ್ಲಿ ಬರೆಯಬಹುದು. ಕನ್ನಡ ಓದಲು ಬಾರದ ಥೆರಪಿಸ್ಟ್ ಆದರೆ ಭೇಟಿಯಲ್ಲಿ ರೋಗಿಯೇ ಗಟ್ಟಿಯಾಗಿ ಓದಿ ಹೇಳಬೇಕು. ಹೇಗೂ ಡೈರಿಯನ್ನು ಇಬ್ಬರೂ ಒಟ್ಟಿಗೆ ಕೂತು ಸಾಲುಸಾಲಾಗಿ ನೋಡಬೇಕಾದ್ದು, ಅದಕ್ಕೆ ಭೇಟಿಯ ಮೊದಲ ಹತ್ತು ಹದಿನೈದು ನಿಮಿಷ ಮೀಸಲು. ಅವರು ಕಷ್ಟಪಟ್ಟು ಬರೆದದ್ದನ್ನು ನಾವು ತೆರೆಯದೇ ಬಿಟ್ಟರೆ ಮರುವಾರದಿಂದ ಬರೆಯುವುದಿಲ್ಲ. ಗುಟ್ಟಿನ ಭಯ ಇದ್ದರೆ ಹಾಳೆ ಮಡಚಿ ಪರ್ಸಿನಲ್ಲಿಡಲಿ, ಅಥವಾ ಫೋನಿನಲ್ಲಿ ಲಾಕ್ ಹಾಕಿದ ನೋಟ್ಸ್‌ನಲ್ಲಿ ಬರೆಯಲಿ. ಕ್ಯಾಲೊರಿ ಲೆಕ್ಕ ಹಾಕುವ ಆ್ಯಪ್ ಮಾತ್ರ ಫೋನಿನಲ್ಲೇ ಇರಬಾರದು.

ಪಯಸ್ವಿನಿ:
ಇನ್ನು ಊಟದ ಹೊತ್ತಿನ ವಿಷಯ. ಡಯಟಿಶಿಯನ್‌ಗಳು ಹೆಚ್ಚಾಗಿ ಎಡವುವುದು ಇಲ್ಲೇ, ಯಾಕೆಂದರೆ ನಾವು ಮೊದಲ ದಿನವೇ ಚಾರ್ಟ್ ಕೊಡುತ್ತೇವೆ. ಈ ಹಂತದಲ್ಲಿ ಎಂತ ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂಬುದು ಮುಖ್ಯವಲ್ಲ. ಯಾವಾಗ ಎಂಬುದು ಮಾತ್ರ ಮುಖ್ಯ. ದಿನಕ್ಕೆ ಮೂರು ಊಟ, ಎರಡು ಮೂರು ಸಣ್ಣ ತಿಂಡಿ, ನಡುವಿನ ಅಂತರ ನಾಲ್ಕು ಗಂಟೆ ಮೀರಬಾರದು. ಆ ಹೊತ್ತುಗಳ ನಡುವೆ ತಿನ್ನುವುದಿಲ್ಲ. ತಿಂದಮೇಲೆ ವಾಂತಿ ಇಲ್ಲ.

ನಮ್ಮ ಕಡೆಯ ಮನೆಗೆ ಹೊಂದುವ ಹಾಗೆ ಹೇಳುವುದಾದರೆ: ಬೆಳಿಗ್ಗೆ ಏಳೂವರೆಗೆ ದೋಸೆಯೋ ಪುಂಡಿಯೋ, ಹತ್ತೂವರೆಗೆ ಬಾಳೆಹಣ್ಣು ಚಾ, ಒಂದೂಕಾಲಿಗೆ ಕುಚ್ಚಲಕ್ಕಿ ಅನ್ನ, ಸಾರು, ಪಲ್ಯ ಅಥವಾ ಮೀನು, ಮಜ್ಜಿಗೆ. ನಾಲ್ಕೂವರೆಗೆ ಚಾ, ಜೊತೆಗೆ ಅವಲಕ್ಕಿ. ಎಂಟು ಗಂಟೆಗೆ ರಾತ್ರಿಯೂಟ, ಹತ್ತರ ಒಳಗೆ ಒಂದು ಲೋಟ ಹಾಲು. ಹಿಂದಿನ ರಾತ್ರಿಯೇ ನಾಳೆಯ ಹೊತ್ತುಗಳನ್ನು ಡೈರಿಯ ಮೇಲ್ಭಾಗದಲ್ಲಿ ಬರೆದಿಟ್ಟುಕೊಳ್ಳಬೇಕು. ಮುಂದಿನ ಊಟ ಯಾವಾಗ, ಎಲ್ಲಿ ಎಂದು ಯಾವ ಹೊತ್ತಿಗೆ ಕೇಳಿದರೂ ಉತ್ತರ ಗೊತ್ತಿರಬೇಕು.

ಶುರುವಾಗುವುದು ಸುಲಭದ ಹೊತ್ತಿನಿಂದ. ಹೆಚ್ಚಿನವರಿಗೆ ಬೆಳಗ್ಗೆ ಕಷ್ಟ ಕಡಿಮೆ, ಸಂಜೆ ಚಾ ಹೊತ್ತಿನಿಂದ ರಾತ್ರಿವರೆಗೆ ಜಾಸ್ತಿ. ಹಾಗಾಗಿ ಮೊದಲ ವಾರ ಬೆಳಗ್ಗಿನ ಎರಡು ಹೊತ್ತು ಕೂರಿಸಿ, ಆಮೇಲೆ ಕೆಳಗೆ ಇಳಿಯಿರಿ. ಹಸಿವೆ ಆಗುವುದನ್ನು ಕಾಯಬಾರದು. ಬಹಳ ಕಾಲ ಹೊತ್ತುಗೊತ್ತಿಲ್ಲದೆ ತಿಂದವರ ಹಸಿವೆ, ತೃಪ್ತಿ ಎರಡೂ ದಾರಿ ತಪ್ಪಿರುತ್ತವೆ. ಈಗ ಗಡಿಯಾರವನ್ನೇ ನಂಬಬೇಕು. ತಿಂದ ಮೇಲೆ ಒಂದು ಗಂಟೆ ಹೊಟ್ಟೆ ಬಿಗಿದ ಹಾಗೆ ಆಗಿಯೇ ಆಗುತ್ತದೆ. ಮೊದಲೇ ಹೇಳಿಟ್ಟರೆ ಅದನ್ನು “ದಪ್ಪ ಆದೆ” ಎಂದು ಓದಿಕೊಳ್ಳುವುದಿಲ್ಲ. ಸಡಿಲ ಬಟ್ಟೆ ಹಾಕಿಕೊಂಡು ಆ ಗಂಟೆ ಯಾರಾದರೂ ಜೊತೆಗಿರುವಲ್ಲಿ ಕಳೆಯಲಿ.

ಗಂಜಿಯ ಬಗ್ಗೆ ಒಂದು ಮಾತು. ಗಂಜಿ ಮೂರು ಹೊತ್ತೂ ತಿನ್ನುತ್ತೇನೆ ಎನ್ನುವವರ ಬಟ್ಟಲು ನೋಡಿ. ತೆಳಿ ತುಂಬಿ, ಅಡಿಯಲ್ಲಿ ನಾಲ್ಕು ಚಮಚ ಅಗುಳು ಇರಬಹುದು. ಹೊಟ್ಟೆ ಉಬ್ಬುತ್ತದೆ, ಶಕ್ತಿ ಬರುವುದಿಲ್ಲ. ಮಿತಿಮೀರಿದ ನೀರು, ಸಕ್ಕರೆ ಇಲ್ಲದ ಕಪ್ಪು ಚಾ ಕೂಡ ಹೊಟ್ಟೆ ತುಂಬಿಸುವ ಉಪಾಯವಾಗಿರುತ್ತದೆ. ಡೈರಿಯಲ್ಲಿ ಕುಡಿದದ್ದನ್ನೂ ಬರೆಯಿಸುವುದು ಇದಕ್ಕೇ.

ಚಂದ್ರಗಿರಿ:
ಏಕಾದಶಿ, ಸಂಕಷ್ಟಿ, ಸೋಮವಾರದ ಒಪ್ಪೊತ್ತು ಇದೆಲ್ಲ ಬರುವ ಮನೆಗಳಲ್ಲಿ ಎಂತ ಮಾಡುವುದು ಅಕ್ಕ? ರಂಜಾನ್‌ನಲ್ಲಿ ಚಿಕಿತ್ಸೆಯೇ ನಿಂತು ಹೋಗ್ತದೆ.

ಪಯಸ್ವಿನಿ:
ಸಿಸ್ಟರ್, ಚಿಕಿತ್ಸೆ ಮುಗಿಯುವವರೆಗೆ ಉಪವಾಸ ಬೇಡ ಎಂದು ನೇರವಾಗಿ ಹೇಳಬೇಕು. ಹನ್ನೆರಡು ಗಂಟೆ ತಿನ್ನದೆ ಇದ್ದವರಿಗೆ ರಾತ್ರಿ ಬಿಂಜ್ ಬರುವುದಕ್ಕೆ ಬೇರೆ ಕಾರಣವೇ ಬೇಡ. ನಂಬಿಕೆಯ ಎದುರು ನಿಲ್ಲುವ ಅಗತ್ಯವೂ ಇಲ್ಲ. ರೋಗಿಗಳಿಗೆ ವ್ರತದಲ್ಲಿ ರಿಯಾಯಿತಿ ಇರುವುದು ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಪೂಜೆ ಮಾಡಲಿ, ದೇವಸ್ಥಾನಕ್ಕೆ ಹೋಗಲಿ, ತಿನ್ನದಿರುವುದು ಮಾತ್ರ ಬೇಡ. ಇಸ್ಲಾಮಿನಲ್ಲಿಯೂ ಕಾಯಿಲೆಯವರಿಗೆ ನೋಂಬಿನಿಂದ ವಿನಾಯಿತಿ ಕುರ್‌ಆನಿನಲ್ಲೇ ಉಂಟು. ಬೇಕಾದರೆ ಮನೆಯವರು ಉಸ್ತಾದರ ಹತ್ತಿರ ಕೇಳಿ ಬರಲಿ, ವೈದ್ಯರು ಒಂದು ಚೀಟಿ ಬರೆದುಕೊಡಲಿ. ಒಂದು ವಿಷಯ ಮಾತ್ರ ಗಮನಿಸಬೇಕು: ಮೊದಲು ತಿಂಗಳಿಗೊಂದು ಇದ್ದ ವ್ರತ ಈಗ ವಾರಕ್ಕೆ ಮೂರು ಆಗಿದ್ದರೆ, ಹೆಚ್ಚಿದ್ದು ಭಕ್ತಿಯೋ ಕಾಯಿಲೆಯೋ ಎಂದು ಡೈರಿ ಇಟ್ಟುಕೊಂಡು ಅವರ ಜೊತೆಗೇ ನೋಡಿ.

ಕಣಿಪುರ:
ಈ ಚಿಕಿತ್ಸೆಯಲ್ಲಿ ವಾರಕ್ಕೊಮ್ಮೆ ತೂಕ ನೋಡಬೇಕು ಅಂತಾರಲ್ವಾ, ಆ ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. ತೂಕದ ಚಿಂತೆಯಿಂದಲೇ ನರಳುವವರನ್ನು ವಾರ ವಾರ ಯಂತ್ರದ ಮೇಲೆ ನಿಲ್ಲಿಸುವುದು ಗಾಯ ಕೆದಕಿದ ಹಾಗಲ್ವಾ?

ಮಧುವಾಹಿನಿ:
ಬಹಳ ಜನ ಹೀಗೇ ಯೋಚಿಸಿ ಅದನ್ನು ಬಿಡುತ್ತಾರೆ ಟೀಚರ್. ಆದರೆ ಬಿಟ್ಟರೆ ಸೋಲುವುದೂ ಅಲ್ಲೇ. ಈ ಕಾಯಿಲೆಯಲ್ಲಿ ಎರಡು ಥರದವರು. ಒಬ್ಬರು ದಿನಕ್ಕೆ ನಾಲ್ಕೈದು ಸಲ ತೂಕ ನೋಡುತ್ತಾರೆ, ಇನ್ನೊಬ್ಬರು ವರ್ಷಗಟ್ಟಲೆ ನೋಡುವುದೇ ಇಲ್ಲ. ಮೊದಲನೆಯವರಿಗೆ ನೀರು, ಉಪ್ಪು, ಮಲಬದ್ಧತೆ, ಮುಟ್ಟಿನ ಮುಂಚಿನ ಊತದಿಂದ ಒಂದು ಕೆಜಿ ಆಚೀಚೆ ಆದದ್ದೇ ದೊಡ್ಡ ಸುದ್ದಿ. ಎರಡನೆಯವರ ಕಲ್ಪನೆಯಲ್ಲಿ ತೂಕ ದಿನಾ ಏರುತ್ತಲೇ ಇರುತ್ತದೆ, ಅದನ್ನು ಸುಳ್ಳು ಮಾಡುವ ಸಂಖ್ಯೆ ಅವರ ಹತ್ತಿರ ಇಲ್ಲ. ಇಬ್ಬರಿಗೂ ಔಷಧ ಒಂದೇ: ವಾರಕ್ಕೆ ಒಂದೇ ಸಲ, ಭೇಟಿಯಲ್ಲಿ, ಇಬ್ಬರೂ ಒಟ್ಟಿಗೆ, ಅದೇ ಯಂತ್ರದಲ್ಲಿ. ಮನೆಯಲ್ಲಿ ಇಲ್ಲ.

ಮಾಡುವ ಕ್ರಮ: ನಿಲ್ಲುವ ಮೊದಲು “ಎಷ್ಟು ಇರಬಹುದು ಅನಿಸುತ್ತದೆ?” ಎಂದು ಕೇಳಿ ಬರೆದುಕೊಳ್ಳಿ. ಆಮೇಲೆ ನೋಡಿ ಗ್ರಾಫಿನಲ್ಲಿ ಚುಕ್ಕಿ ಇಡಿ. ಒಂದೇ ಚುಕ್ಕಿಯಿಂದ ಏನೂ ಹೇಳಬಾರದು. ಇತ್ತೀಚಿನ ನಾಲ್ಕು ವಾರದ ಚುಕ್ಕಿಗಳು ಒಟ್ಟಿಗೆ ಎಲ್ಲಿಗೆ ಹೋಗುತ್ತಿವೆ ಎಂದು ಮಾತ್ರ ಮಾತನಾಡಬೇಕು. “ಹೊತ್ತಿಗೆ ಸರಿಯಾಗಿ ತಿಂದರೆ ಉಬ್ಬಿಹೋಗುತ್ತೇನೆ” ಎಂಬ ಭವಿಷ್ಯವನ್ನು ಆರು ವಾರದ ಗ್ರಾಫ್ ಎದುರಿಟ್ಟು ಅಳೆಯುವುದಕ್ಕಿಂತ ಬಲವಾದ ಯೋಚನೆಯ ಕೆಲಸ ಈ ಚಿಕಿತ್ಸೆಯಲ್ಲಿ ಇಲ್ಲ. ಥೆರಪಿಸ್ಟಿಗೇ ಯಂತ್ರ ಹೊರಗೆ ತೆಗೆಯಲು ಮುಜುಗರ ಆಗುವುದು ಹೆಚ್ಚು. ಆ ಮುಜುಗರ ರೋಗಿಗೆ ತಕ್ಷಣ ತಿಳಿಯುತ್ತದೆ, ತೂಕ ನಿಜವಾಗಿಯೂ ಹೆದರಬೇಕಾದ ವಸ್ತು ಎಂದು ಅವರು ತೀರ್ಮಾನಿಸುತ್ತಾರೆ.

ಶಿರಿಯ:
ಇದರ ಜೊತೆ ಹೇಳಿಕೊಡಬೇಕಾದ ದೇಹದ ಸತ್ಯಗಳು ಕೆಲವು. ವಾಂತಿಯಿಂದ ತಿಂದದ್ದೆಲ್ಲ ಹೊರಗೆ ಬರುವುದಿಲ್ಲ, ಸುಮಾರು ಅರ್ಧ ಒಳಗೇ ಉಳಿಯುತ್ತದೆ. ಬೇಧಿ ಮಾತ್ರೆ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ, ಆಹಾರದ ಶಕ್ತಿ ಅದಕ್ಕೂ ಮೊದಲೇ ಸಣ್ಣ ಕರುಳಿನಲ್ಲಿ ಹೀರಿ ಆಗಿರುತ್ತದೆ. ಇಳಿಯುವುದು ನೀರು ಮಾತ್ರ, ಮರುದಿನ ಅದು ಪುನಃ ಬರುತ್ತದೆ. “ಇದು ಇಂಗ್ಲಿಷ್ ಮದ್ದಲ್ಲ, ಆಯುರ್ವೇದದ ಚೂರ್ಣ” ಎನ್ನುವವರ ಡಬ್ಬಿ ತಿರುಗಿಸಿ ಓದಿ. ಸೋನಾಮುಖಿ ಇದ್ದರೆ ಅದೂ ಕರುಳನ್ನು ಒತ್ತಾಯಿಸುವ ಮದ್ದೇ. ದಿನಾ ತೆಗೆದುಕೊಳ್ಳುವವರು ವಾರಕ್ಕೆ ಅರ್ಧದಂತೆ ಇಳಿಸಿ ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ಒಂದೆರಡು ವಾರ ಕಾಲು ಊದಿಕೊಂಡು ತೂಕ ಏರುತ್ತದೆ, ಅದು ನೀರು. ಈ ಮಾತನ್ನು ನಿಲ್ಲಿಸುವ ಮೊದಲೇ ಹೇಳದಿದ್ದರೆ, ಎರಡನೇ ದಿನವೇ ಮಾತ್ರೆ ಪುನಃ ಶುರು.

ಹಲ್ಲಿನ ವಿಷಯ: ವಾಂತಿ ಆದ ಕೂಡಲೇ ಬ್ರಷ್ ಮಾಡಬಾರದು. ಆಮ್ಲದಿಂದ ಮೆತ್ತಗಾದ ಹಲ್ಲಿನ ಮೇಲ್ಪದರ ಉಜ್ಜಿ ಹೋಗುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳಿದರೆ ಸಾಕು.

ಔಷಧದ ಪ್ರಶ್ನೆ ಹೇಗೂ ಬರುತ್ತದೆ. ಬುಲಿಮಿಯಾದಲ್ಲಿ ಫ್ಲೂಆಕ್ಸೆಟಿನ್ ದಿನಕ್ಕೆ 60 ಮಿಗ್ರಾಂ ಬಿಂಜ್ ಕಡಿಮೆ ಮಾಡುತ್ತದೆ. ಖಿನ್ನತೆಗೆ ಕೊಡುವ 20 ಸಾಲದು. ಅನೊರೆಕ್ಸಿಯಾದಲ್ಲಿ ತೂಕ ಏರಿಸಲು ಅದರಿಂದ ಪ್ರಯೋಜನ ಇಲ್ಲ. ಬ್ಯುಪ್ರೊಪಿಯಾನ್ ಎಂಬ ಖಿನ್ನತೆಯ ಮದ್ದನ್ನು ಮಾತ್ರ ಬುಲಿಮಿಯಾ, ಅನೊರೆಕ್ಸಿಯಾ ಇರುವವರಿಗೆ ಕೊಡಲೇಬಾರದು, ಫಿಟ್ಸ್ ಬರುವ ಅಪಾಯ. ಟೈಪ್ 1 ಮಧುಮೇಹದವರು ತೂಕ ಇಳಿಸಲು ಇನ್ಸುಲಿನ್ ಬಿಡುತ್ತಿದ್ದಾರೆಯೇ ಎಂದು ನಾವಾಗಿಯೇ ಕೇಳಬೇಕು, ಅವರಾಗಿ ಹೇಳುವುದಿಲ್ಲ. ಹೌದು ಎಂದರೆ ಮಧುಮೇಹದ ವೈದ್ಯರನ್ನು ಬಿಟ್ಟು ಒಂದು ಹೆಜ್ಜೆಯೂ ಮುಂದೆ ಹೋಗಬಾರದು.

ಚಂದ್ರಗಿರಿ:
ನಮ್ಮಲ್ಲಿಗೆ ಬರುವ ತೆಳ್ಳಗಿನವರಲ್ಲಿ ಎಷ್ಟೋ ಜನ “ದಪ್ಪ ಆಗುವ ಹೆದರಿಕೆ” ಅಂತ ಹೇಳುವುದೇ ಇಲ್ಲ. ಗ್ಯಾಸ್, ಹೊಟ್ಟೆ ಉಬ್ಬರ, ಊಟ ಸೇರುದಿಲ್ಲ ಅಂತಾರೆ. ಎಂಡೋಸ್ಕೋಪಿ ಮಾಡಿಸಿ ಏನೂ ಇಲ್ಲ ಅಂತ ಬಂದಿರ್ತಾರೆ. ಅವರಿಗೆ ಈ ಬಾಣದ ಚಿತ್ರ ಹೊಂದುತ್ತದಾ?

ಮಧುವಾಹಿನಿ:
ಬಹಳ ಮುಖ್ಯವಾದ ಪ್ರಶ್ನೆ ಸಿಸ್ಟರ್. ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ 1990ರ ದಶಕದಲ್ಲೇ ಇದನ್ನು ಬರೆದರು: ಅಲ್ಲಿನ ಅನೊರೆಕ್ಸಿಯಾ ರೋಗಿಗಳಲ್ಲಿ ಬಹಳ ಮಂದಿ ದಪ್ಪದ ಹೆದರಿಕೆ ಹೇಳದೆ ಹೊಟ್ಟೆ ಉಬ್ಬರವನ್ನೇ ಹೇಳುತ್ತಿದ್ದರು. ಭಾರತದಲ್ಲಿಯೂ ಇಂಥವರು ಇದ್ದಾರೆ. ಅವರ ಬಾಯಿಗೆ “ನನಗೆ ದಪ್ಪದ ಹೆದರಿಕೆ” ಎಂಬ ಮಾತನ್ನು ತುರುಕಬಾರದು. ಪಶ್ಚಿಮದ ಪುಸ್ತಕದಲ್ಲಿ ಇದೆ ಎಂದು ಇಲ್ಲದ ಹೆದರಿಕೆಯನ್ನು ಚಿತ್ರದಲ್ಲಿ ಬರೆದರೆ ಅವರು ಮತ್ತೆ ಬರುವುದಿಲ್ಲ.

ಚಿತ್ರದ ಮೇಲಿನ ಚೌಕ (ಆಕಾರ, ತೂಕದ ಚಿಂತೆ ಬರೆಯುವ ಜಾಗ) ಖಾಲಿ ಬಿಡಿ, ಅಥವಾ “ತಿಂದರೆ ಹೊಟ್ಟೆ ಕೆಡುತ್ತದೆ” ಎಂದೇ ಬರೆಯಿರಿ. ಕೆಳಗಿನ ಸುತ್ತು ಹಾಗೇ ಇರುತ್ತದೆ: ತಿನ್ನದೇ ಇದ್ದರೆ ಜಠರ ನಿಧಾನವಾಗುತ್ತದೆ, ನಿಧಾನವಾದ ಜಠರದಲ್ಲಿ ಸ್ವಲ್ಪ ತಿಂದರೂ ಉಬ್ಬರ, ಉಬ್ಬರದ ಹೆದರಿಕೆಗೆ ಇನ್ನೂ ಕಡಿಮೆ. ಈ ಮಾತು ಅವರಿಗೆ ಕೂಡಲೇ ಹಿಡಿಸುತ್ತದೆ, ಯಾಕೆಂದರೆ ಅದು ಅವರ ಅನುಭವವೇ. ಹಸಿವೆ ದೇಹಕ್ಕೂ ಮನಸ್ಸಿಗೂ ಎಂತ ಮಾಡುತ್ತದೆ ಎಂದು ತೋರಿಸಲು ಅಮೆರಿಕದ ಮಿನ್ನೆಸೋಟದಲ್ಲಿ 1944–45ರಲ್ಲಿ ಆ್ಯನ್ಸೆಲ್ ಕೀಸ್ ನಡೆಸಿದ ಅಧ್ಯಯನ ಹೇಳಿ. ಆರೋಗ್ಯವಂತ 36 ಗಂಡಸರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದಾಗ ದಿನವಿಡೀ ಆಹಾರದ್ದೇ ಯೋಚನೆ, ಅಡುಗೆ ಪುಸ್ತಕ ಓದುವುದು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂರುವುದು, ಸಿಟ್ಟು, ಜನರಿಂದ ದೂರ. ಅವರಲ್ಲಿ ಯಾರಿಗೂ ಈಟಿಂಗ್ ಡಿಸಾರ್ಡರ್ ಇರಲಿಲ್ಲ. “ಇದು ನನ್ನ ಸ್ವಭಾವ” ಎಂದುಕೊಂಡವರಿಗೆ ಇದು ಹಸಿವೆಯ ಲಕ್ಷಣ ಎಂದು ತಿಳಿದರೆ ದೊಡ್ಡ ಸಮಾಧಾನ.

ಪಯಸ್ವಿನಿ:
ತೂಕ ಏರಬೇಕಾದವರಿಗೆ ಮಾತ್ರ ಪ್ರಮಾಣ ಮುಖ್ಯ. ಗುರಿ ವಾರಕ್ಕೆ ಸರಾಸರಿ ಅರ್ಧ ಕೆಜಿ. ಅದಕ್ಕೆ ತೂಕ ನಿಂತಲ್ಲೇ ನಿಲ್ಲಲು ಬೇಕಾದ್ದರ ಮೇಲೆ ದಿನಾ ಸುಮಾರು 500 ಕ್ಯಾಲೊರಿ ಹೆಚ್ಚು. ಅನ್ನದ ರಾಶಿ ಹೆಚ್ಚಿಸಿದರೆ ಉಬ್ಬರ ಬರುತ್ತದೆ, ಹಾಗಾಗಿ ಸಣ್ಣ ಗಾತ್ರದಲ್ಲಿ ಹೆಚ್ಚು ಶಕ್ತಿ ಇರುವುದನ್ನು ಸೇರಿಸಿ: ಒಂದು ಲೋಟ ಗಟ್ಟಿ ಹಾಲು, ಒಂದು ಸಣ್ಣ ಮುಷ್ಟಿ ಗೇರುಬೀಜ (30 ಗ್ರಾಂ), ಒಂದು ನೇಂದ್ರ ಬಾಳೆಹಣ್ಣು, ಅನ್ನದ ಮೇಲೆ ಒಂದು ಸಣ್ಣ ಚಮಚ ತುಪ್ಪ. ಅಲ್ಲಿಗೆ ಹೆಚ್ಚು ಕಡಿಮೆ 500 ಆಯಿತು. ತೆಂಗಿನಹಾಲು ಹಾಕಿದ ಪದಾರ್ಥವೂ ಒಳ್ಳೆಯದು. ಇವನ್ನು ಊಟದ ಬದಲು ಕೊಡುವುದಲ್ಲ, ಊಟದ ಮೇಲೆ ಕೊಡುವುದು. ಪುಡಿ ಡಬ್ಬಿಗಳಿಗಿಂತ ಮನೆಯ ಆಹಾರವೇ ಮೇಲು ಎಂದು ನನ್ನ ಗಟ್ಟಿ ಅಭಿಪ್ರಾಯ, ಕೊನೆಗೆ ಅವರು ಬದುಕಬೇಕಾದ್ದು ಮನೆಯ ಊಟದಲ್ಲಿ.

ಕಣಿಪುರ:
ಯೋಚನೆಯ ಕೆಲಸ ಯಾವಾಗ ಶುರು? ಮತ್ತೆ ಮನೆಯವರನ್ನು ಸೇರಿಸಬೇಕಾ, ದೊಡ್ಡವರಲ್ವಾ?

ಮಧುವಾಹಿನಿ:
ನಾಲ್ಕು ವಾರ ಆದ ಮೇಲೆ ನಿಂತು ನೋಡುವ ಹಂತದಲ್ಲಿ ಚಿತ್ರವನ್ನು ಪುನಃ ತೆಗೆದು, ಯಾವ ಬಾಣ ಸಡಿಲ ಆಯಿತು, ಯಾವುದು ಗಟ್ಟಿ ಉಂಟು ಎಂದು ಗುರುತಿಸಿ. ಆಮೇಲೆ ಗಟ್ಟಿ ಇದ್ದಲ್ಲಿಗೆ ಕೈ ಹಾಕುವುದು.

ಆಕಾರದ ಚಿಂತೆಗೆ ಒಂದು ವೃತ್ತ ಬರೆಸಿ. ನಿಮ್ಮನ್ನು ನೀವು ಯಾವುದರಿಂದ ಅಳೆಯುತ್ತೀರಿ ಎಂದು ಕೇಳಿ ಪಾಲು ಹಾಕಿಸಿ: ಮಕ್ಕಳು, ಕೆಲಸ, ಸ್ನೇಹ, ಹಾಡು, ಯಕ್ಷಗಾನ, ದೇಹದ ಆಕಾರ. ಆಕಾರದ ಪಾಲು ಮೂರನೇ ಒಂದಕ್ಕಿಂತ ದೊಡ್ಡದಿದ್ದರೆ ಅಲ್ಲಿ ಕೆಲಸ ಉಂಟು. ಅದನ್ನು ಕುಗ್ಗಿಸುವುದು ಎರಡು ಕಡೆಯಿಂದ: ಬೇರೆ ಪಾಲುಗಳನ್ನು ಬೆಳೆಸುವುದು, ಅಂದರೆ ಬಿಟ್ಟುಹೋದ ಒಂದು ಆಸಕ್ತಿಯನ್ನು ಈ ವಾರವೇ ಶುರುಮಾಡುವುದು. ಜೊತೆಗೆ ಮೈ ಪರೀಕ್ಷಿಸುವ ಅಭ್ಯಾಸವನ್ನು ಕಡಿಮೆ ಮಾಡುವುದು. ಕೆಲಸದ ಒಂದು ದಿನ, ರಜೆಯ ಒಂದು ದಿನ, 24 ಗಂಟೆ ಎಷ್ಟು ಸಲ ಪರೀಕ್ಷಿಸಿದೆ ಎಂದು ಬರೆಯಿಸಿ. ಕನ್ನಡಿ ಒಂದೇ ಅಲ್ಲ. ಬಳೆ ಮೊಣಕೈವರೆಗೆ ಏರುತ್ತದಾ ಎಂದು ನೋಡುವುದು, ಮಣಿಕಟ್ಟನ್ನು ಬೆರಳಲ್ಲಿ ಸುತ್ತುವುದು, ಹಳೆ ರವಿಕೆ ಹಾಕಿ ನೋಡುವುದು, ಕೂತಾಗ ಹೊಟ್ಟೆ ಚಿವುಟುವುದು, ಬಸ್ಸಿನಲ್ಲಿ ಪಕ್ಕದವರ ತೊಡೆ ತಮ್ಮ ತೊಡೆ ಹೋಲಿಸುವುದು. ಹೆಚ್ಚಿನವರಿಗೆ ತಾವು ಇಷ್ಟು ಸಲ ಮಾಡುವುದೇ ಗೊತ್ತಿರುವುದಿಲ್ಲ. ಹುಡುಕುತ್ತಾ ಹೋದರೆ ದೋಷ ಸಿಕ್ಕಿಯೇ ಸಿಗುತ್ತದೆ. ಬಳೆ, ಚಿವುಟುವುದು ಪೂರ್ತಿ ನಿಲ್ಲಲಿ, ಕನ್ನಡಿ ತಲೆ ಬಾಚಲು ಬಟ್ಟೆ ಸರಿಮಾಡಲು ಮಾತ್ರ.

ಪಥ್ಯದ ನಿಯಮಕ್ಕೆ ನಿಷಿದ್ಧ ತಿಂಡಿಗಳ ಪಟ್ಟಿ. ಸುಲಭದಿಂದ ಅತಿ ಕಷ್ಟದವರೆಗೆ ನಾಲ್ಕು ಗುಂಪು ಮಾಡಿ. ಒಬ್ಬರಿಗೆ ಬನ್ಸ್ ಮೊದಲ ಗುಂಪಿನಲ್ಲಿ, ಪೊರೋಟ ಮೂರನೆಯದರಲ್ಲಿ, ಪಾಯಸ ಕೊನೆಯದರಲ್ಲಿ ಇರಬಹುದು. ಮನಸ್ಸು ಸಮಾಧಾನ ಇರುವ ದಿನ, ಗೊತ್ತುಪಡಿಸಿದ ಊಟದ ಭಾಗವಾಗಿ, ಸಣ್ಣ ಪ್ರಮಾಣದಲ್ಲಿ ತಿನ್ನಬೇಕು. ಬೇಸರದ ರಾತ್ರಿ ಒಬ್ಬರೇ ಇದ್ದಾಗ ಮಾಡಲು ಹೇಳಿದರೆ ಅದು ಬಿಂಜ್‌ಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಬಿಂಜ್ ಆದಾಗ ಪ್ರತಿ ಸಲ ನಾಲ್ಕೇ ಪ್ರಶ್ನೆ: ನಿಯಮ ಮುರಿಯಿತೆಂದು ಕೈಬಿಟ್ಟದ್ದಾ, ಆ ದಿನ ಕಡಿಮೆ ತಿಂದಿದ್ದದ್ದಾ, ಕುಡಿದಿದ್ದದ್ದಾ, ಮನಸ್ಸಿಗೆ ನೋವಾಗಿದ್ದದ್ದಾ? ಉತ್ತರ ಯಾವುದೋ ಅದಕ್ಕೆ ಮದ್ದು ಬೇರೆ.

ಮನೆಯವರು ಬರುವುದು ರೋಗಿ ಒಪ್ಪಿದರೆ ಮಾತ್ರ. ಮುಕ್ಕಾಲು ಗಂಟೆಯ ಮೂರು ಭೇಟಿ ಸಾಕು. ಅವರಿಗೆ ಹೇಳಬೇಕಾದ್ದು: ತಟ್ಟೆ ನೋಡಿ ಮಾತಾಡಬೇಡಿ. “ಈಗ ಸ್ವಲ್ಪ ಮೈ ತುಂಬಿದೆ” ಎಂಬ ಹೊಗಳಿಕೆಯೂ ಬೇಡ, ಅವರಿಗೆ ಅದು ಬೈಗುಳದಂತೆ ಕೇಳುತ್ತದೆ. ನಾಲ್ಕೂವರೆಯ ಚಾ ಹೊತ್ತಿಗೆ ಜೊತೆಗೆ ಕೂತು ತಾವೂ ತಿನ್ನಲಿ, ಅಷ್ಟೇ. ಮದುವೆ ಊಟಕ್ಕೆ ಹೋಗುವ ಮೊದಲು ಬೆಳಗ್ಗಿನ ತಿಂಡಿ ಬಿಡಬಾರದು. ಎಲೆಯಲ್ಲಿ ಎಂತ ಹಾಕಿಸಿಕೊಳ್ಳುವುದೆಂದು ಮನೆಯಲ್ಲೇ ತೀರ್ಮಾನಿಸಿ, ಬಡಿಸುವವರು ಒತ್ತಾಯ ಮಾಡಿದರೆ ಪಕ್ಕದಲ್ಲಿ ಕೂತ ಅಕ್ಕನೋ ಗಂಡನೋ “ಸಾಕು” ಎಂದು ಹೇಳಲಿ.

ಚಂದ್ರಗಿರಿ:
ವಾರಕ್ಕೆ ಎರಡು ಸಲ ಮಂಗಳೂರಿಗೆ ಹೋಗುವುದು ಹೇಗೆ ಸಾಧ್ಯ? ಕಾಸರಗೋಡಿನಿಂದಲೇ 50 ಕಿಲೋಮೀಟರ್. ಮುಳ್ಳೇರಿಯ, ಪೆರ್ಲದಿಂದಾದರೆ ಅರ್ಧ ದಿನದ ಕೂಲಿ ಹೋಯ್ತು.

ಮಧುವಾಹಿನಿ:
ವೀಡಿಯೊದಲ್ಲಿ ಮಾಡಬಹುದು, ಕ್ರಮ ಅದೇ. ತೂಕ ಮಾತ್ರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿ, ಸಂಖ್ಯೆಯನ್ನು ಭೇಟಿಯಲ್ಲೇ ತೆರೆಯುವ ಹಾಗೆ ನರ್ಸ್ ಚೀಟಿ ಮಡಚಿ ಕೊಡಲಿ. ರಕ್ತ ಪರೀಕ್ಷೆಯೂ ಅಲ್ಲಿಂದಲೇ. ಬುಲಿಮಿಯಾ, ಬಿಂಜ್ ಈಟಿಂಗ್‌ನಲ್ಲಿ ಮೊದಲು ಮಾರ್ಗದರ್ಶನದ ಸ್ವಸಹಾಯ ಮಾಡಿ ನೋಡಬಹುದು ಎಂದು ಚಿಕಿತ್ಸೆಯ ಮಾರ್ಗಸೂಚಿ ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿಯಲ್ಲೇ ಉಂಟು: ಡೈರಿ, ಹೊತ್ತಿನ ಊಟ ಅವರೇ ಮಾಡುತ್ತಾರೆ, ವಾರಕ್ಕೊಂದು ಇಪ್ಪತ್ತು ನಿಮಿಷದ ಮಾತು ನಮ್ಮದು. ನಾಲ್ಕು ವಾರದಲ್ಲಿ ಪ್ರಯೋಜನ ಕಾಣದಿದ್ದರೆ ಪೂರ್ತಿ ಚಿಕಿತ್ಸೆಗೆ ಏರಬೇಕು. ಬ್ರಿಟನ್ನಿನ ಸೈಕಾಲಜಿಸ್ಟ್ ಗ್ಲೆನ್ ವಾಲರ್ ರೂಪಿಸಿದ ಹತ್ತು ಭೇಟಿಯ ವಿಧಾನವೂ ಉಂಟು. ಎರಡೂ ತೂಕ ತೀರಾ ಕಡಿಮೆ ಇಲ್ಲದವರಿಗೆ ಮಾತ್ರ.

ಬಿಂಜ್ ಈಟಿಂಗ್ ಇದ್ದು ತೂಕ ಜಾಸ್ತಿ ಇರುವವರಿಗೆ ಮೊದಲ ದಿನವೇ ಹೇಳಿಬಿಡಿ: ಇದು ಬಿಂಜ್ ನಿಲ್ಲಿಸುವ ಚಿಕಿತ್ಸೆ, ತೂಕ ಇಳಿಸುವುದಲ್ಲ. ಆ ಆಸೆ ಇಟ್ಟುಕೊಂಡು ಬಂದವರು ನಡುವೆ ಪಥ್ಯ ಶುರುಮಾಡುತ್ತಾರೆ, ಅಲ್ಲಿಂದ ಸುತ್ತು ಪುನಃ ಮೊದಲಿಗೆ.

ಶಿರಿಯ:
ಹುಡುಕುವವರಿಗೆ ದಾರಿ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್, ಕೋಝಿಕ್ಕೋಡಿನ ಇಮ್‌ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ರಾತ್ರಿ ಹಗಲು ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲಿಯೂ ಮಾತಾಡಬಹುದು. ಸಾಯುವ ಯೋಚನೆ ಹೇಳಿದರೆ ಮುಂದಿನ ಭೇಟಿವರೆಗೆ ಕಾಯಬೇಡಿ. ಖಾಸಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ನೋಂದಣಿ ಉಂಟಾ ಎಂದು ಕೇಳಿ, ಈ ಕಾಯಿಲೆಗೆ ಡೈರಿ ಇಡಿಸುತ್ತೀರಾ, ವಾರಕ್ಕೊಮ್ಮೆ ತೂಕ ನೋಡುತ್ತೀರಾ ಎಂದೂ ಕೇಳಿ.

ಕಣಿಪುರ:
ಕೊನೆಯ ಭೇಟಿ ಆದ ಮೇಲೆ ಎಂತ?

ಮಧುವಾಹಿನಿ:
ಮುಗಿಯುವ ಮೊದಲು ಎರಡು ಹಾಳೆ ಬರೆಸಿ. ಒಂದರಲ್ಲಿ ಮುಂದಿನ ತಿಂಗಳುಗಳಲ್ಲಿ ಮುಂದುವರಿಸಬೇಕಾದ್ದು: ಹೊತ್ತಿನ ಊಟ, ವಾರಕ್ಕೊಂದೇ ತೂಕ (ಈಗ ಮನೆಯಲ್ಲಿ), ಬಳೆಯ ಪರೀಕ್ಷೆ ಇಲ್ಲ. ಇನ್ನೊಂದರಲ್ಲಿ ಕಾಯಿಲೆ ಪುನಃ ತಲೆ ಎತ್ತುವ ಗುರುತುಗಳು, ಅವರದ್ದೇ ಅನುಭವದಿಂದ: ಬೆಳಗ್ಗಿನ ತಿಂಡಿ ತಪ್ಪುವುದು, ರಾತ್ರಿ ಒಬ್ಬರೇ ತಿನ್ನುವುದು, ಹಳೆ ರವಿಕೆ ಹೊರಗೆ ಬರುವುದು. ಅದರ ಕೆಳಗೆ, ಅಂಥದ್ದು ಕಂಡ ದಿನವೇ ಮಾಡಬೇಕಾದ್ದು: ಡೈರಿ ಪುನಃ ಶುರು, ಆರು ಹೊತ್ತು ಪುನಃ ಬರೆದಿಡುವುದು. ಬಾಣಂತನ, ಮನೆಯಲ್ಲಿ ಸಾವು, ಗಲ್ಫಿಗೆ ಹೋಗುವ ತಯಾರಿ, ಮದುವೆ ಮಾತುಕತೆ, ಇಂಥ ಕಾಲದಲ್ಲಿ ಮೊದಲೇ ಆ ಹಾಳೆ ತೆಗೆಯಲಿ. 20 ವಾರ ಕಳೆದು ಒಂದು ಭೇಟಿಯ ದಿನಾಂಕವನ್ನು ಕೊನೆಯ ದಿನವೇ ಗೊತ್ತುಮಾಡಿ. ಅದಕ್ಕೆ ಬರುವಾಗ ಆ ಎರಡು ಹಾಳೆ, ತೂಕದ ಗ್ರಾಫ್ ತರಲು ಹೇಳಿ. ನಡುವೆ ಎರಡು ವಾರ ತಾವಾಗಿ ಪ್ರಯತ್ನಿಸಿಯೂ ಬಿಂಜ್ ಅಥವಾ ವಾಂತಿ ನಿಲ್ಲದಿದ್ದರೆ ಆ ದಿನಾಂಕ ಕಾಯದೆ ಫೋನ್ ಮಾಡಬೇಕು ಎಂದು ಹಾಳೆಯ ಕೆಳಗೆ ನಿಮ್ಮ ನಂಬರ್ ಸಮೇತ ಬರೆದುಕೊಡಿ.